ಆ ಸರ್ವ್ ಅವಳದು

ಬೇಕರಿಯಲ್ಲಿ ಹಿಟ್ಟು ನಾದುವ ಅವಳಿಗೆ ಮದುವೆಯಾದಾಗಿನಿಂದ ಗಂಡ ಹೇಳಿಕೊಂಡು ಬಂದ ಮಾತು ಒಂದೇ: "ಬಿಡು, ನಾನು ನೋಡ್ಕೋತೀನಿ." ಬ್ಯಾಂಕಿಗೆ ಹೋಗಿಬರಲೇ ಅಂದರೆ, ಬಿಡು. ಮಗಳ ಟೀಚರನ್ನು ಕಾಣಲೇ ಅಂದರೆ, ಬಿಡು. ಹೊಡೆಯುವ ಗಂಡನಾಗಿದ್ದರೆ ನಾಲ್ಕು ಜನ ಅವಳ ಪರ ನಿಲ್ಲುತ್ತಿದ್ದರೇನೋ. ನೋಡಿಕೊಳ್ಳುವ ಗಂಡನ ಮೇಲೆ ಯಾರಿಗೆ ದೂರು ಕೊಡುವುದು? "ಪುಣ್ಯವಂತೆ ಕಣೇ ನೀನು" ಎಂದು ಅಕ್ಕಪಕ್ಕದವರು ಅವಳ ಬಾಯಿಗೆ ಬೀಗ ಜಡಿದಿದ್ದರು.

ಗಂಡ ಛಾಪಖಾನೆಯ ಫೋರ್‌ಮನ್. ಭಾನುವಾರವಾದರೆ ಬಡಾವಣೆಯ ಅಂಕಣದಲ್ಲಿ ಅವನದು ಬ್ಯಾಡ್ಮಿಂಟನ್. ಅವಳದು ಬೆಂಚಿನ ಮೇಲೆ ಕೂತು ಅವನ ಟವೆಲ್ ಕಾಯುವ ಕೆಲಸ. ಶಾಲೆಯಲ್ಲಿ ಅವಳೂ ಆಡಿದವಳೆಂಬುದು ಯಾರ ನೆನಪಲ್ಲೂ ಇರಲಿಲ್ಲ. ಈ ಸಲ ಮಿಕ್ಸೆಡ್ ಡಬಲ್ಸ್ ಪಂದ್ಯದ ಹೊತ್ತಿಗೆ ಅವನ ಜೊತೆಗಾರ್ತಿ, ಛಾಪಖಾನೆಯಲ್ಲಿ ಪ್ರೂಫ್ ನೋಡುವವಳು, ಕಾಲು ಉಳುಕಿಸಿಕೊಂಡಳು. ಬೇರೆ ದಾರಿಯಿಲ್ಲದೆ ಹೆಂಡತಿಗೆ ಕರೆ ಬಂತು.

"ನೀನು ಸುಮ್ನೆ ನಿಂತಿರು. ಶಟಲ್ ಬಂದ್ರೆ ಬಗ್ಗು, ಅಷ್ಟೇ."

"ಬಗ್ಗೋದು ಹೇಳ್ಕೊಡ್ಬೇಕಾ ರೀ ನಂಗೆ?"

ಅವಳಿಗೆ ಗೆಲ್ಲುವ ಹುಚ್ಚೇನಿರಲಿಲ್ಲ. ತನ್ನ ಕಡೆ ಬಂದ ಶಟಲ್ಲನ್ನು ತಾನೇ ಒಮ್ಮೆ ಹೊಡೆಯಬೇಕು, ಅಷ್ಟೇ ಆಸೆ. ಅದೂ ದಕ್ಕಲಿಲ್ಲ. ಎಲ್ಲಿ ಬಿದ್ದರೂ ಅಡ್ಡ ಹಾರಿ ಅವನೇ ಬಾರಿಸುತ್ತಿದ್ದ.

ಡಬಲ್ಸ್‌ನಲ್ಲಿ ಆಟ ಶುರುವಾದ ಮೇಲೆ ಜೋಡಿಯಲ್ಲಿ ಯಾರು ಬೇಕಾದರೂ ಹೊಡೆಯಬಹುದು, ನಿಜ. ಆದರೆ ಸರ್ವ್ ಹಾಗಲ್ಲ. ಅದು ಎದುರಿನ ಓರೆ ಮನೆಗೇ, ಗೆರೆ ಎಳೆದ ಆ ಚೌಕಕ್ಕೇ ಬರಬೇಕು. ಅಲ್ಲಿ ನಿಂತವರೇ ಅದನ್ನು ಹಿಂತಿರುಗಿಸಬೇಕು. ಜೊತೆಗಾರ ಕೈಹಾಕಿದನೋ, ಫೌಲ್, ಅಂಕ ಎದುರಾಳಿಗೆ. ಅವಳ ಪಾಲಿನದು ಅವಳದೇ ಎಂದು ಯಾವ ಮನೆಯೂ ಬರೆದಿಡದ ಕಾನೂನನ್ನು ಈ ಆಟ ಬರೆದಿಟ್ಟಿದೆ. ಫೋರ್‌ಮನ್ನಿಗೆ ಅದು ಗೊತ್ತಿಲ್ಲವೆ? ಪ್ರೂಫ್ ನೋಡುವವಳಿಗೆ ಬಂದ ಸರ್ವ್‌ಗೆ ಅವನು ಅಪ್ಪಿತಪ್ಪಿಯೂ ಕೈಹಾಕಿದವನಲ್ಲ. ಹೆಂಡತಿ ಪಕ್ಕದಲ್ಲಿ ನಿಂತದ್ದೇ ತಡ, ನಿಯಮ ಮರೆತುಹೋಯಿತು. ಎರಡು ಸಲ ನುಗ್ಗಿ ಅವಳಿಗೆ ಬಂದ ಸರ್ವ್ ಹೊಡೆದ.

"ಫೌಲ್!" ಎಂದರು ಅಂಪೈರ್ ಆಗಿದ್ದ ನರ್ಸಮ್ಮ. "ಏನ್ ಫೋರ್‌ಮನ್ರೇ, ಹೆಂಡ್ತಿ ಊಟಾನೂ ನೀವೇ ಮಾಡ್ತೀರಾ?"

ಅಂಕಣದ ಸುತ್ತ ನಗು. ಅವನ ಮುಖ ಕೆಂಪಾಯಿತು.

ಎದುರಾಳಿಗಳು ಇಪ್ಪತ್ತು ಮುಟ್ಟಿದರು. ಇನ್ನೊಂದು ಅಂಕ ಸಿಕ್ಕರೆ ಪಂದ್ಯ ಅವರದು. ಸರ್ವ್ ಬರುವುದು ಅವಳಿಗೆ. ಫೋರ್‌ಮನ್ ಮತ್ತೆ ಅವಳ ಕಡೆಗೆ ಜರುಗತೊಡಗಿದ.

"ಹಿಂದೆ ಸರೀರಿ," ಅಂದಳು, ಅವನ ಕಡೆ ತಿರುಗದೆ. "ಇದು ನಂದು."

ಸರಿದ. ಶಟಲ್ ಬಲೆಯನ್ನು ಸವರಿಕೊಂಡು ಬಂತು. ಹಿಟ್ಟು ನಾದಿ ಪಳಗಿದ ಮಣಿಕಟ್ಟು ಒಮ್ಮೆ ತಿರುಗಿತು. ಶಟಲ್ ಎದುರಿನವರ ತಲೆ ಮೇಲೆ ಹಾರಿ, ಹಿಂದಿನ ಗೆರೆಯಿಂದ ಗೇಣುದ್ದ ಆಚೆ ಬಿತ್ತು.

"ಔಟ್!"

"ಸೋಲಿಸ್ಬಿಟ್ಟೆಯಲ್ಲೇ!"

"ನೀವು ಮುಟ್ಟಿ ಎರಡು ಕಳೆದ್ರಿ. ನಾನು ಹೊಡೆದು ಒಂದು ಕಳೆದೆ." ಅವಳು ಮುಂಗೈ ಸವರಿಕೊಳ್ಳುತ್ತ ನರ್ಸಮ್ಮನ ಹತ್ತಿರ ಹೋದಳು. "ಮುಂದಿನ ವಾರ ಸಿಂಗಲ್ಸ್‌ಗೆ ನನ್ನ ಹೆಸರು ಸೇರಿಸ್ಕೊಳ್ಳಿ."

"ಸಿಂಗಲ್ಸಾ?" ಫೋರ್‌ಮನ್ ಬೆಚ್ಚಿದ. "ಅಷ್ಟೂ ಜಾಗ ಒಬ್ಬಳೇ ಓಡ್ಬೇಕು, ಗೊತ್ತಾ?"

"ಗೊತ್ತು. ಅದಕ್ಕೇ ಕಣ್ರೀ."