ಗಲಾಟೆಯ ದಿನದ ರಸ್ಕ್

ಇವತ್ತು ಡಬ್ಬಿಗೆ ಮೇಣದಬತ್ತಿಯ ಜೊತೆ ರಸ್ಕನ್ನೂ ತುಂಬಿಸುತ್ತಿದ್ದೆ. ಎರಡರ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಬಂಟ್ವಾಳದ ನಮ್ಮ ಬಾಡಿಗೆ ಮನೆ ನೆನಪಾಯಿತು.

ಅಲ್ಲಿ ಉಮ್ಮನ ಮಂಚದಡಿ ಒಂದು ದೊಡ್ಡ ಡಬ್ಬಿ ಇತ್ತು. ದುಬೈಯಲ್ಲಿದ್ದ ಬಾಪ ಕಳಿಸಿದ ಹಾಲಿನ ಪುಡಿಯದ್ದು. ಅದರೊಳಗೆ ಮೇಣದಬತ್ತಿ, ಪ್ಲಾಸ್ಟಿಕ್ ಸುತ್ತಿದ ಬೆಂಕಿಪೊಟ್ಟಣ, ಅವಲಕ್ಕಿ, ಬೆಲ್ಲ, ಎಲ್ಲಕ್ಕಿಂತ ಮೇಲೆ ರಸ್ಕ್. ಪೇಟೆಗೆ ಹೋದಾಗಲೆಲ್ಲ ಅಗ್ಗದ್ದೇನಾದರೂ ತಂದು ಅದಕ್ಕೆ ಸೇರಿಸುತ್ತಿದ್ದಳು. ನಾನೋ ತಮ್ಮನೋ ಕೈ ಹಾಕಿದರೆ, "ಮುಟ್ಟಬೇಡಿ, ಅದು ಗಲಾಟೆಯ ದಿನಕ್ಕೆ" ಎಂದು ಗದರುತ್ತಿದ್ದಳು.

ಅದೂ ಪೆರ್ನಾಲಿನಂಥದ್ದೇ ಒಂದು ಹಬ್ಬವೆಂದು ನಾನು ತಿಳಿದಿದ್ದೆ. "ಉಮ್ಮ, ಗಲಾಟೆ ಯಾವಾಗ ಬರ್ತದೆ?" ಎಂದು ಆಸೆಯಿಂದ ಕೇಳಿದಾಗ ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಒಂದು ಮಧ್ಯಾಹ್ನ ಪೇಟೆಯ ಶಟರ್‌ಗಳು ಒಂದರ ಹಿಂದೊಂದು ಧಡಧಡನೆ ಇಳಿದವು. ಆಮೇಲೆ ಬಸ್ಸಿನ ಹಾರ್ನ್ ಕೂಡ ಕೇಳಲಿಲ್ಲ. ಉಮ್ಮ ಕಿಟಕಿಗಳನ್ನು ಮುಚ್ಚಿ, ತಾನಾಗಿಯೇ ಡಬ್ಬಿಯನ್ನು ಎಳೆದು ಮುಚ್ಚಳ ತೆಗೆದಳು.

"ಎಷ್ಟು ಬೇಕಾದ್ರೂ ತಿನ್ನಿ ಮಕ್ಕಳೇ. ಕಚ್ಚಬೇಡಿ, ಶಬ್ದ ಆಗ್ತದೆ. ನೀರಲ್ಲಿ ಅದ್ದಿ ತಿನ್ನಿ."

ರಸ್ತೆಯಲ್ಲಿ ಯಾರೋ ಓಡಿದರು. ಅವರ ಹಿಂದೆ ಹಲವರು ಓಡಿಬಂದರು. ನಮ್ಮ ಗೇಟಿನ ಬಳಿ ಹೆಜ್ಜೆಗಳು ನಿಂತವು. ತಮ್ಮ ನುಂಗಲು ಹೆದರಿ, ಬಾಯಿತುಂಬ ರಸ್ಕ್ ಇಟ್ಟುಕೊಂಡೇ ಕುಳಿತಿದ್ದ. ಎಷ್ಟೋ ಹೊತ್ತಿನ ಮೇಲೆ ಹೆಜ್ಜೆಗಳು ಮುಂದೆ ಸಾಗಿದವು. ಗಲಾಟೆ ಯಾವಾಗ ಬರ್ತದೆಂದು ನಾನು ಮತ್ತೆಂದೂ ಕೇಳಲಿಲ್ಲ.

ಈಗ ನನ್ನ ಮಗಳು ಡಬ್ಬಿಯಿಂದ ಒಂದು ರಸ್ಕ್ ಎತ್ತಿ ಕಟಕ್ಕನೆ ಕಚ್ಚಿದಳು.

"ಮೆಲ್ಲ!" ಎಂದುಬಿಟ್ಟೆ.

ಅವಳು ಅಗಿಯುವುದನ್ನು ನಿಲ್ಲಿಸಿ, ಕಿಟಕಿಯತ್ತ ನೋಡಿ ಪಿಸುಗುಟ್ಟಿದಳು: "ಯಾಕುಮ್ಮ? ಹೊರಗೆ ಯಾರಿದ್ದಾರೆ?"