ಬೀಗತಿಯ ಎದುರು ಕಣ್ಣಿನ ಬಂಡಿ

ನನಗೆ ಐವತ್ತೆರಡು ವರ್ಷ. ಆದೋನಿಯ ಮಂಡಲ ಆಫೀಸಿನಲ್ಲಿ, ಅಂದರೆ ತಾಲ್ಲೂಕು ಕಚೇರಿಯಂಥದ್ದರಲ್ಲಿ, ಗುಮಾಸ್ತೆ. ಕಣ್ಣಿಗೆ ದಪ್ಪ ಕನ್ನಡಕ, ಎಡ ಮೊಣಕಾಲಿಗೆ ಎರಡು ಹೊತ್ತು ಎಣ್ಣೆ. ದಿನಾ ಸಂಜೆ ಕುಕ್ಕರಿನಲ್ಲಿ ಅನ್ನಕ್ಕಿಟ್ಟು, ಗುಲಾಬಿ ಕೂದಲಿನ ಹದಿನಾರರ ಹುಡುಗಿಯಾಗಿ ಬಂಡಿ ಓಡಿಸಲು ಕೂರುತ್ತೇನೆ. ಇದನ್ನು ತಪ್ಪೊಪ್ಪಿಗೆ ಎಂದು ತಿಳಿಯಬೇಡಿ. ತಪ್ಪು ಮಾಡಿದವರು ಒಪ್ಪಿಕೊಳ್ಳಲಿ. ನಾನು ಆಡುತ್ತಿರುವುದು ವಿಡಿಯೋ ಗೇಮು, ಅದೂ ನಮ್ಮ ಮನೆಯಲ್ಲಿ, ನಮ್ಮ ಟಿವಿಯಲ್ಲಿ, ನಮ್ಮ ಕರೆಂಟಿನಲ್ಲಿ.

ಆ ಆಟಕ್ಕೆ ಉದ್ದನೆಯ ಜಪಾನಿ ಹೆಸರೊಂದಿದೆ. ಅದನ್ನು ಹೇಳಲು ಹೋಗಿ ಎರಡು ಸಲ ನಾಲಿಗೆ ಕಚ್ಚಿಕೊಂಡ ಮೇಲೆ ನಾನೇ ಅದಕ್ಕೆ ‘ಕಣ್ಣಿನ ಬಂಡಿ’ ಎಂದು ಹೆಸರಿಟ್ಟೆ. ಜಪಾನಿನ ಕಾರ್ಟೂನುಗಳ ಧಾಟಿಯಲ್ಲಿ ಮಾಡಿದ್ದು. ಪುಟ್ಟ ಪುಟ್ಟ ಬಂಡಿಗಳಲ್ಲಿ ಕೂತು ರೇಸು ಹಚ್ಚುವ ಹುಡುಗ ಹುಡುಗಿಯರ ಮುಖದಲ್ಲಿ ಮುಕ್ಕಾಲು ಪಾಲು ಕಣ್ಣೇ. ಮೂಗಿಗೆ ಒಂದು ಚುಕ್ಕೆ, ಬಾಯಿಗೆ ಒಂದು ಗೆರೆ. ಅಷ್ಟು ಕಣ್ಣಿದ್ದೂ ಎದುರಿನ ಹಳ್ಳ ಅವರಿಗೆ ಕಾಣುವುದಿಲ್ಲ. ಈ ಆಟವನ್ನೂ ಅದರ ಪೆಟ್ಟಿಗೆಯನ್ನೂ ಮನೆಗೆ ತಂದವಳು ನನ್ನ ಮಗಳು ಭಾಗ್ಯ. ಆದೋನಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಮೊದಲ ಸಂಬಳದಲ್ಲಿ ತಾಯಿಗೆ ಸೀರೆ ತರುವ ಮಕ್ಕಳಿದ್ದಾರೆ. ನನ್ನವಳು ಇದನ್ನು ತಂದು, ಗುಂಡಿಗಳ ಹಿಡಿಕೆಯನ್ನು ನನ್ನ ಕೈಗಿಟ್ಟು, “ಅಮ್ಮಾ, ಏನರೆ ಆಗಲಿ, ಹೆಬ್ಬೆರಳು ಮಾತ್ರ ಎತ್ತಬ್ಯಾಡ” ಎಂದಳು. ಹೆಬ್ಬೆರಳು ಒತ್ತಿ ಹಿಡಿದರೆ ಬಂಡಿ ಓಡುತ್ತದೆ, ಎತ್ತಿದರೆ ನಿಲ್ಲುತ್ತದೆ. ಇಡೀ ಆಟದ ಶಾಸ್ತ್ರ ಇಷ್ಟೇ. ಉಳಿದದ್ದೆಲ್ಲ ಅಲಂಕಾರ.

“ಈ ವಯಸ್ಸಿನಾಗ ಇದೇನಮ್ಮಾ?” ಎಂದು ಕೇಳುವವರಿಗೆ ಬರವಿಲ್ಲ. ಕೇಳುವವರೇ ಸಂಜೆಯಾದರೆ ಧಾರಾವಾಹಿಯಲ್ಲಿ ಒಬ್ಬಳು ಸೊಸೆ ಹಾಲಿಗೆ ವಿಷ ಬೆರೆಸುವುದನ್ನು ಬಾಯಿ ತೆರೆದು ನೋಡುತ್ತಾರೆ. ಗಂಡಸರು ಕಟ್ಟೆಯ ಮೇಲೆ ಇಸ್ಪೀಟು ಹಾಕಿದರೆ ಅದು ಕಾಲಕ್ಷೇಪ. ನಾನು ಬಂಡಿ ಓಡಿಸಿದರೆ ಬುದ್ಧಿ ಕೆಟ್ಟಿದೆ. ಕೆಟ್ಟಿದ್ದರೆ ಕೆಟ್ಟಿರಲಿ, ಮೂವತ್ತು ವರ್ಷ ಸರಿಯಾಗಿಟ್ಟುಕೊಂಡು ಏನು ಸಿಕ್ಕಿತು ಎಂದು ನಾನೂ ಕೇಳಬಲ್ಲೆ.

ಆಟವನ್ನು ಹೊಗಳುವ ಮೊದಲು ಬೈದುಬಿಡುತ್ತೇನೆ, ಪಕ್ಷಪಾತ ಅನ್ನಬೇಡಿ. ಮೊದಲನೆಯದಾಗಿ, ಪ್ರತಿ ರೇಸು ಮುಗಿದ ಮೇಲೂ ಆ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಸ್ನೇಹದ ಬಗ್ಗೆ ಅಳುತ್ತಾರೆ. ಯಾವ ಗುಂಡಿ ಒತ್ತಿದರೂ ಆ ಅಳು ನಿಲ್ಲುವುದಿಲ್ಲ, ಪೂರಾ ನೋಡಲೇಬೇಕು. ಇಬ್ಬರು ಆಡಿದರೆ ಪರದೆ ಎರಡು ಹೋಳಾಗಿ ಎಲ್ಲವೂ ಇರುವೆಯ ಗಾತ್ರಕ್ಕೆ ಇಳಿಯುತ್ತದೆ. ಇನ್ನು ನ್ಯಾಯದ ವಿಷಯ. ದಾರಿಯಲ್ಲಿ ತೂಗುವ ಲಾಟೀನುಗಳಿಗೆ ತಾಗಿದರೆ ಒಂದೊಂದು ಆಯುಧ ಸಿಗುತ್ತದೆ. ಮುಂದೆ ಇರುವವರಿಗೆ ಸೋಪಿನ ಗುಳ್ಳೆ, ಎಲ್ಲರಿಗಿಂತ ಹಿಂದೆ ಇರುವವರಿಗೆ ಗುಡುಗಿನ ಡೋಲು! ಅದನ್ನು ಒಮ್ಮೆ ಬಾರಿಸಿದರೆ ಮುಂದಿನವರೆಲ್ಲ ಬುಗುರಿಯ ಹಾಗೆ ತಿರುಗಿ ಬೀಳುತ್ತಾರೆ. ಕಷ್ಟಪಟ್ಟು ಮುಂದೆ ಬಂದವಳಿಗೆ ಇದೆಂಥ ಶಿಕ್ಷೆ?

ಆದರೆ ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆಯದಕ್ಕೆ. ಓಡಿಸುವವರೆಲ್ಲ ಹದಿನಾರು, ಹದಿನೇಳರವರು. ನನ್ನ ವಯಸ್ಸಿನ ಹೆಂಗಸು ಇಡೀ ಆಟದಲ್ಲಿ ಒಬ್ಬಳೇ. ಗುಡಿಯ ಕಮಾನಿನ ಪಕ್ಕ ಕಡುಬು ಮಾರುತ್ತ ನಿಂತಿರುತ್ತಾಳೆ. ಬಂಡಿಗಳು ಹಾದಾಗಲೆಲ್ಲ ಕೈ ಬೀಸುತ್ತಾಳೆ. ಅವಳನ್ನು ಆರಿಸಿಕೊಳ್ಳಲು ಬರುವುದಿಲ್ಲ, ನಾನು ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದ್ದೇನೆ.

ಇನ್ನು ಹೊಗಳಿಕೆ. ಬಿಸಿನೀರಿನ ಕೊಳಗಳ ಹಬೆಯೊಳಗೆ ನುಗ್ಗಿ, ಹೂ ಉದುರುವ ಮರಗಳ ಕೆಳಗೆ ಹಾಯುವ ಆ ದಾರಿಗಳಲ್ಲಿ ಹತ್ತಿ ಹೇರಿಕೊಂಡು ರಸ್ತೆಯನ್ನೇ ನುಂಗುವ ಒಂದು ಲಾರಿಯೂ ಎದುರಾಗುವುದಿಲ್ಲ. ತಿರುವಿನಲ್ಲಿ ಬಂಡಿಯನ್ನು ಓರೆ ಮಾಡಿ ಹಿಡಿದರೆ ಚಕ್ರದಿಂದ ನೀಲಿ ಕಿಡಿ ಏಳುತ್ತದೆ, ಬಿಟ್ಟ ತಕ್ಷಣ ಬಂಡಿ ಚಿಮ್ಮುತ್ತದೆ. ಆ ಚಿಮ್ಮುವ ಗಳಿಗೆಯಲ್ಲಿ ನನ್ನ ಮೊಣಕಾಲು ನನಗೆ ನೆನಪಿರುವುದಿಲ್ಲ. ಪ್ರಪಾತಕ್ಕೆ ಬಿದ್ದರೂ ಒಂದು ಬಿಳಿ ಕೊಕ್ಕರೆ ಬಂದು ಎತ್ತಿ ದಾರಿಗೆ ಬಿಡುತ್ತದೆ, ಯಾಕೆ ಬಿದ್ದೆ ಎಂದು ಕೇಳುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ ಈ ಆಟಕ್ಕೆ ಯಾರು ಗಂಡಿನ ಕಡೆಯವರು, ಯಾರು ಹೆಣ್ಣಿನ ಕಡೆಯವರು ಎಂಬುದು ಗೊತ್ತಿಲ್ಲ.

ನಮಗೆ ಗೊತ್ತು. ನಮ್ಮಲ್ಲಿ ಮದುವೆಯ ದಿನ ಅರಿಶಿನ ನೀರಿನ ಬಿಂದಿಗೆಯಲ್ಲಿ ಉಂಗುರ ಹಾಕಿ, ಮದುಮಗಳೂ ಮದುಮಗನೂ ಒಟ್ಟಿಗೆ ಕೈ ಇಳಿಸಿ ಹುಡುಕುವ ಆಟವೊಂದಿದೆ. ಯಾರಿಗೆ ಸಿಕ್ಕಿದರೆ ಮನೆಯಲ್ಲಿ ಅವರ ಮಾತು ನಡೆಯುತ್ತದಂತೆ. ನನ್ನ ಮದುವೆಯಲ್ಲಿ ಉಂಗುರ ನನ್ನ ಬೆರಳಿಗೇ ಸಿಕ್ಕಿತ್ತು. ಬೆನ್ನ ಹಿಂದೆ ಕೂತಿದ್ದ ಸೋದರತ್ತೆ ಕಿವಿಯಲ್ಲಿ “ಬಿಡು” ಎಂದಳು. ಬಿಟ್ಟೆ. ನಮ್ಮ ಯಜಮಾನರು ಅದನ್ನೆತ್ತಿ ಎಲ್ಲರಿಗೂ ತೋರಿಸಿದರು, ಎಲ್ಲರೂ ನಕ್ಕರು. ಅವರು ಒಳ್ಳೆಯವರೇ, ಆ ಮಾತು ಬೇರೆ. ನೀರಿನೊಳಗೆ ಆ ಉಂಗುರ ಬೆರಳು ಜಾರಿ ಹೋದದ್ದು ಮಾತ್ರ ನನಗೆ ಇವತ್ತಿಗೂ ನೆನಪಿದೆ.

ಭಾಗ್ಯಳಿಗೆ ಹತ್ತಿರದ ಪತ್ತಿಕೊಂಡ ಊರಿನ ಸಂಬಂಧ ಕುದುರಿತು. ಹುಡುಗ ಒಳ್ಳೆಯವನು, ತಾಯಿಯ ಎದುರು ಬಾಯಿ ಬಿಡುವ ಅಭ್ಯಾಸ ಒಂದಿಲ್ಲ. ತಾಯಿ ನರಸಮ್ಮನವರು, ಅಂದರೆ ನನಗೆ ಬೀಗತಿಯಾಗುವವರು, ಕುರಿ ಸಾಕುವ ಮನೆಯಲ್ಲಿ ಹುಟ್ಟಿ ಕುರಿ ಸಾಕುವ ಮನೆಗೇ ಬಂದವರು. ಮಾತು ಅರ್ಧ ಕನ್ನಡ, ಅರ್ಧ ತೆಲುಗು, ಎರಡೂ ಗಟ್ಟಿ. ಮದುವೆಯ ಮಾತು ಮುಗಿಸಲು ಒಂದು ಭಾನುವಾರ ನಮ್ಮ ಮನೆಗೆ ಬಂದರು. ನಮ್ಮ ಯಜಮಾನರು ಆವತ್ತು ಪರವೂರಿನಲ್ಲಿದ್ದರು. ಅವರ ಬದಲಿಗೆ ಕೌತಾಳದಿಂದ ನನ್ನ ಅಣ್ಣ ಈರಣ್ಣ ಬೆಳಗಿನ ಬಸ್ಸಿಗೇ ಬಂದು, “ನಮ್ಮದು ಹೆಣ್ಣಿನ ಕಡಿ. ಅವರು ಅಂದದ್ದಕ್ಕೆಲ್ಲಾ ಹೂಂ ಅನ್ನಬೇಕು, ತಿಳೀತಾ?” ಎಂದು ನನಗೆ ಪಾಠ ಹೇಳಿಯಾಗಿತ್ತು.

ಮಂಡಕ್ಕಿಯ ಉಗ್ಗಾಣಿ, ಬಜ್ಜಿ ತಿಂದು ಕೈ ತೊಳೆದ ಮೇಲೆ ನರಸಮ್ಮನವರು ನೇರವಾಗಿ ವಿಷಯಕ್ಕೆ ಬಂದರು. “ಮದುವಿ ಆದಮ್ಯಾಲೆ ಆ ರಕ್ತ ತಗಿಯೋ ಕೆಲಸ ಯಾಕಮ್ಮಾ? ನಮ್ಮ ಮನ್ಯಾಗ ಏನು ಕಡಿಮಿ ಐತಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ, “ಅದಕೇನ್ರಿ, ನೀವು ಹೇಳಿದಂಗ” ಎಂದುಬಿಟ್ಟ. ಭಾಗ್ಯ ನನ್ನ ಮುಖ ನೋಡಿದಳು. ಆ ಕೆಲಸಕ್ಕಾಗಿ ಅವಳು ಎಷ್ಟು ಓದಿದಳು, ಮೊದಲ ದಿನ ಬಿಳಿ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತಿದ್ದಳು ಎಂಬುದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ನಾನು ಬಜ್ಜಿಯ ತಟ್ಟೆಯನ್ನು ಸರಿಸಿದೆ, ಅಷ್ಟೇ.

ಮಾತು ತಿರುಗಿಸಲೆಂದೋ ಏನೋ ನರಸಮ್ಮನವರು ಟಿವಿಯ ಕೆಳಗಿನ ಪೆಟ್ಟಿಗೆ ತೋರಿಸಿ ಅದೇನೆಂದು ಕೇಳಿದರು. ಆಟ ಎಂದೆ. ಆಡೋಣ ಎಂದರು. ಭಾಗ್ಯ ಬಂದು ಅವರ ಕೈಗೆ ಹಿಡಿಕೆ ಕೊಟ್ಟು ಅದೇ ಪಾಠ ಹೇಳಿದಳು, ಹೆಬ್ಬೆರಳು ಎತ್ತಬಾರದು. ಆಟಗಾರರ ಸಾಲಿನಲ್ಲಿ ಹೆಗಲ ಮೇಲೆ ಮರಿ ಹೊತ್ತ ಹುಡುಗಿಯೊಬ್ಬಳನ್ನು ನೋಡಿ ನರಸಮ್ಮನವರು, “ಈಕಿ ಹತ್ರ ಕುರಿ ಐತಿ. ಈಕೀನೇ ನನಗ” ಎಂದರು.

ಒಂದು ಸುತ್ತಿನೊಳಗೆ ಕೈ ಕುದುರಿತು. ಆದರೆ ಬೇಕೆಂದೇ ನನಗೂ ಆಟ ತಾನೇ ಓಡಿಸುವ ಉಳಿದ ಬಂಡಿಗಳಿಗೂ ಹಿಂದೆ ಉಳಿದರು. ಯಾಕೆಂದು ಕೇಳಿದರೆ, “ಕುರಿ ಮುಂದ, ನಾವು ಹಿಂದ. ಹಿಂದ ಇದ್ರೇ ಎಲ್ಲಾ ಕಾಣ್ತಾವು” ಎಂದರು. ಹಿಂದಿದ್ದವರಿಗೆ ಏನು ಸಿಗುತ್ತದೆಂದು ನಿಮಗೆ ಆಗಲೇ ಹೇಳಿದ್ದೇನೆ. ಕೊನೆಯ ಸುತ್ತಿನಲ್ಲಿ ಡೋಲು ಗುಡುಗಿತು, ಸೋಪಿನ ಗುಳ್ಳೆಯ ಮರೆಯಲ್ಲಿದ್ದ ನನ್ನನ್ನು ಬಿಟ್ಟು ಎಲ್ಲರೂ ಬಿದ್ದರು, ನರಸಮ್ಮನವರು ಎರಡನೆಯವರಾಗಿ ನನ್ನ ಬೆನ್ನಿಗೆ ಬಂದರು. ಗೆರೆ ಎದುರಿಗೇ ಇತ್ತು. ಹಿಂದಿನಿಂದ ಅಣ್ಣ ಕೆಮ್ಮಿದ. ಅದು ಕೆಮ್ಮಲ್ಲ, ಸೋದರತ್ತೆಯ ‘ಬಿಡು’ ಎಂದು ನನ್ನ ಕೈಗೆ ಗೊತ್ತಾಯಿತು. ಹೆಬ್ಬೆರಳು ತಾನಾಗಿಯೇ ಎದ್ದಿತು. ಬಂಡಿ ಗೆರೆಯ ಮುಂದೆ ನಿಂತಿತು.

ನರಸಮ್ಮನವರ ಬಂಡಿಯೂ ನಿಂತಿತು!

“ಯಾಕ ನಿಂತ್ರಿ?”

“ನೀವು ಮುಂದ ಹೋಗ್ರಿ.”

“ಅಯ್ಯ, ನಿಮ್ಮ ಮನಿ. ನೀವೇ ಮೊದಲು.”

“ಇಲ್ಲರಿ, ದೊಡ್ಡವರು ನೀವು.”

ನಮ್ಮ ಮರ್ಯಾದೆ ಮುಗಿಯುವಷ್ಟರಲ್ಲಿ ಬಿದ್ದವರೆಲ್ಲ ಎದ್ದು, ಧೂಳು ಕೊಡವಿಕೊಂಡು, ನಮ್ಮಿಬ್ಬರ ನಡುವಿನಿಂದಲೇ ಗೆರೆ ದಾಟಿದರು. ಲೋಕದಲ್ಲಿ ಆ ಆಟವನ್ನು ಎಷ್ಟೋ ಜನ ಆಡುತ್ತಿರಬಹುದು. ಗೆರೆಯ ಮುಂದೆ ನಿಂತು ಉಪಚಾರ ಮಾಡಿ ಸೋತವರು ನಾವಿಬ್ಬರೇ ಇರಬೇಕು. ಅಣ್ಣ ನಕ್ಕ. ಭಾಗ್ಯ ನಗಲಿಲ್ಲ. ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ನನಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಹೆಬ್ಬೆರಳು ಎತ್ತಬೇಡ ಎಂದು ನನಗೆ ಕಲಿಸಿದ ಹುಡುಗಿಗೆ, ಗೆರೆ ಕಂಡಾಗ ನಿಲ್ಲಬೇಕು ಎಂದು ನಾನು ಕಲಿಸುತ್ತಿದ್ದೆ.

“ಇನ್ನೊಂದು ಆಟ” ಎಂದೆ.

“ಸಾಕು ಬಿಡವ್ವಾ, ಬಸ್ಸಿನ ಹೊತ್ತಾತು” ಎಂದ ಅಣ್ಣ.

“ಬಸ್ಸು ಇನ್ನೊಂದು ಬರ್ತದ” ಎಂದು ಅವನಿಗೆ ಹೇಳಿ ಬೀಗತಿಯ ಕಡೆ ತಿರುಗಿದೆ. “ಈ ಸಲ ನಾ ನಿಲ್ಲಂಗಿಲ್ಲರಿ. ನೀವೂ ನಿಲ್ಲಬ್ಯಾಡ್ರಿ.”

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಸರೇ, ಕಾನೀ. ಆಗಲಿ” ಎಂದರು.

ಅಂಥ ರೇಸನ್ನು ನಾನು ಮತ್ತೆ ಆಡಿಲ್ಲ. ಅವರು ಹಿಂದಿನಿಂದ ಎರಡು ಸಲ ಡೋಲು ಬಾರಿಸಿದರು, ಒಂದು ಸಲ ನನ್ನನ್ನು ಬಿಸಿನೀರಿನ ಕೊಳಕ್ಕೇ ಕೆಡವಿದರು. ಕೊಕ್ಕರೆ ಎತ್ತಿ ಬಿಟ್ಟಿತು. ಕೊನೆಯ ತಿರುವಿನಲ್ಲಿ ನೀಲಿ ಕಿಡಿ ಏಳುವವರೆಗೆ ಹಲ್ಲು ಕಚ್ಚಿ ಬಂಡಿಯನ್ನು ಓರೆ ಹಿಡಿದು, ಆಮೇಲೆ ಬಿಟ್ಟೆ. ಅಣ್ಣ ಕ್ಷಯ ರೋಗಿಯ ಹಾಗೆ ಕೆಮ್ಮುತ್ತಲೇ ಇದ್ದ. ಅರ್ಧ ಬಂಡಿಯಷ್ಟು ಮುಂದಾಗಿ ನಾನು ಗೆರೆ ದಾಟಿದೆ. ದಾಟಿದ ವೇಗದಲ್ಲೇ, ಟಿವಿಯಿಂದ ಕಣ್ಣು ತೆಗೆಯದೆ, ಹೆಬ್ಬೆರಳು ಒತ್ತಿಕೊಂಡೇ ಹೇಳಿದೆ: “ಭಾಗ್ಯ ಕೆಲಸ ಬಿಡಂಗಿಲ್ಲರಿ. ಮದುವಿ ಆದಮ್ಯಾಲೂ ಹೋಗ್ತಾಳ.”

ಅಣ್ಣನ ಕೆಮ್ಮು ನಿಂತಿತು. ಟಿವಿಯಲ್ಲಿ ಹುಡುಗಿಯರು ತಬ್ಬಿಕೊಂಡು ಅಳಲು ಶುರು ಮಾಡಿದರು. ಆ ಅಳು ಅಷ್ಟು ಉದ್ದವಿರುವುದಕ್ಕೆ ನಾನು ಅದೊಂದೇ ಸಲ ಖುಷಿಪಟ್ಟಿದ್ದು. ಅದು ಮುಗಿಯುವವರೆಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ನರಸಮ್ಮನವರು ಅಷ್ಟನ್ನೂ ಕೂತು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಭಾಗ್ಯಳನ್ನು ಕರೆದರು.

“ಈ ಪೆಟಿಗಿ ನಿನ್ನ ದುಡಿಮೀದಾ?”

“ಹೂಂರಿ.”

“ಮದುವಿ ಆದಮ್ಯಾಲೆ ಜೊತಿಗೆ ತರ್ತೀಯೇನು?”

ಭಾಗ್ಯ ನನ್ನನ್ನು ನೋಡಿದಳು. ನನ್ನ ಸಂಜೆಗಳೆಲ್ಲ ಆ ಪೆಟ್ಟಿಗೆಯಲ್ಲೇ ಇದ್ದವು. ಆದರೂ ತಲೆಯಾಡಿಸಿದೆ. “ತರ್ತೀನ್ರಿ” ಎಂದಳು.

“ಹಂಗಾದ್ರ ಕೆಲಸಕ್ಕ ಹೋಗು ತಾಯಿ. ನೀ ಹಗಲೆಲ್ಲಾ ಮನ್ಯಾಗ ಕುಂತ್ರ ಇದು ನನಗ್ಯಾವಾಗ ಸಿಗಬೇಕು?”

ಅದು ತಮಾಷೆಯೋ, ಬಿಟ್ಟುಕೊಡುವುದಕ್ಕೆ ಅವರು ಹುಡುಕಿಕೊಂಡ ನೆಪವೋ, ನಿಜವಾಗಿಯೂ ಪೆಟ್ಟಿಗೆಯ ಮೇಲಿನ ಆಸೆಯೋ, ನಾನು ಇವತ್ತಿನವರೆಗೂ ಕೇಳಿಲ್ಲ. ಅಣ್ಣ ಮಾತ್ರ ಊರ ತುಂಬ ತಾನೇ ನಯವಾಗಿ ಮಾತಾಡಿ ಒಪ್ಪಿಸಿದೆ ಎಂದು ಹೇಳಿಕೊಂಡು ತಿರುಗಾಡುತ್ತಿದ್ದಾನೆ. ತಿರುಗಾಡಲಿ.

ಮದುವೆಯ ದಿನ ಬಿಂದಿಗೆ ಬಂತು. ಅರಿಶಿನ ನೀರಿಗೆ ಉಂಗುರ ಬಿತ್ತು, ಎರಡು ಕೈಗಳು ಇಳಿದವು. ಭಾಗ್ಯಳ ಭುಜ ಗಟ್ಟಿಯಾದದ್ದು ನೋಡಿಯೇ ಅವಳಿಗೆ ಸಿಕ್ಕಿದೆ ಎಂದು ನನಗೆ ಗೊತ್ತಾಯಿತು. ನಮ್ಮ ಕಡೆಯ ಹೆಂಗಸೊಬ್ಬರು ಬಾಗಿ ಅವಳ ಕಿವಿಯಲ್ಲಿ ಏನೋ ಹೇಳಿದರು. ಏನೆಂದು ನಾನು ಕೇಳಬೇಕಾಗಿರಲಿಲ್ಲ. ಭುಜ ಸಡಿಲವಾಗತೊಡಗಿತು. ನಾನು ಎದ್ದು ನಿಂತೆ. ಆದರೆ ನನಗಿಂತ ಮೊದಲು ಎದುರಿನಿಂದ, ಗಂಡಿನ ಕಡೆಯಿಂದ, ಕುರಿಗಳನ್ನು ಕೂಗಿ ಕರೆದು ಗಟ್ಟಿಯಾದ ನರಸಮ್ಮನವರ ಗಂಟಲು ಕೇಳಿಸಿತು: “ಏ ಭಾಗ್ಯಾ! ಹೆಬ್ಬೆರಳು ಎತ್ತಬ್ಯಾಡ!”

ಛತ್ರದಲ್ಲಿದ್ದ ಯಾರಿಗೂ ಅರ್ಥವಾಗಲಿಲ್ಲ. ನಮ್ಮ ಮೂವರಿಗೆ ಮಾತ್ರ ಅರ್ಥವಾಯಿತು. ಭಾಗ್ಯ ಉಂಗುರ ಎತ್ತಿ ಹಿಡಿದಳು. ಅಳಿಯ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಆವತ್ತು ನನ್ನ ಮುಖದಲ್ಲೂ ಮುಕ್ಕಾಲು ಪಾಲು ಕಣ್ಣೇ ಇತ್ತು, ಅದರ ತುಂಬ ನೀರಿತ್ತು, ಯಾವ ಗುಂಡಿ ಒತ್ತಿದರೂ ನಿಲ್ಲುತ್ತಿರಲಿಲ್ಲ.

ಪೆಟ್ಟಿಗೆ ಪತ್ತಿಕೊಂಡಕ್ಕೆ ಹೋಯಿತು. ಒಂದು ತಿಂಗಳು ಟಿವಿಯ ಕೆಳಗಿನ ಖಾಲಿ ಜಾಗ ನೋಡಿ ನೋಡಿ ಸಾಕಾಗಿ, ನನ್ನ ಸಂಬಳದಲ್ಲಿ ನಾನೇ ಒಂದು ಕೊಂಡೆ. ಆಫೀಸಿನಲ್ಲಿ ಮಾತಾಡಿಕೊಂಡರು. ಮಾತಾಡಿಕೊಳ್ಳುವವರಿಗೆ ಕಣ್ಣಿನ ಬಂಡಿಯ ಇನ್ನೊಂದು ಗುಣ ಹೇಳಿಬಿಡುತ್ತೇನೆ: ಇಂಟರ್‌ನೆಟ್ ಇದ್ದರೆ ಬೇರೆ ಬೇರೆ ಊರಿನಲ್ಲಿ ಕೂತು ಒಂದೇ ದಾರಿಯಲ್ಲಿ ಓಡಿಸಬಹುದು. ಭಾಗ್ಯ ಲ್ಯಾಬಿನಿಂದ ಬಸ್ಸು ಹತ್ತಿ ಮನೆ ಮುಟ್ಟುವ ಹೊತ್ತಿಗೆ ಅವಳ ಅತ್ತೆಯೂ ನಾನೂ ಮೂರನೆಯ ಸುತ್ತಿನಲ್ಲಿರುತ್ತೇವೆ. ಫೋನನ್ನು ಸ್ಪೀಕರಿಗೆ ಹಾಕಿ ಬೈದಾಡುತ್ತೇವೆ. ಡೋಲಿನ ಅನ್ಯಾಯ ಹಾಗೆಯೇ ಇದೆ, ಆ ಅಳುವೂ ಹಾಗೆಯೇ ಇದೆ. ಕಮಾನಿನ ಪಕ್ಕ ಕಡುಬು ಮಾರುವವಳು ಇನ್ನೂ ನಿಂತೇ ಇದ್ದಾಳೆ, ಈಗ ನಾವಿಬ್ಬರೂ ಹಾದು ಹೋಗುವಾಗ ಅವಳಿಗೆ ಹಾರ್ನು ಹೊಡೆಯುತ್ತೇವೆ. ಆದೋನಿಯಲ್ಲಿ ಕುಕ್ಕರು ಕೂಗುತ್ತದೆ, ಪತ್ತಿಕೊಂಡದಲ್ಲೂ ಕೂಗುತ್ತದೆ. ಗೆರೆ ದಾಟುವವರೆಗೆ ಇಬ್ಬರೂ ಏಳುವುದಿಲ್ಲ.