ಸೈರನ್ನಿಗೆ ಎದ್ದವರು

ಶಿವಮೊಗ್ಗದಿಂದ ಭದ್ರಾವತಿಗೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಆದರೂ ಅತ್ತ ಹೋಗದೆ ವರ್ಷಗಳಾಗಿದ್ದವು. ಕಳೆದ ಶನಿವಾರ ಬೆಳಿಗ್ಗೆ ಬಸ್ ಹತ್ತಿದೆ. ಇಂದುಮತಿ ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂದಿತ್ತು. ಭರತನಾಟ್ಯಕ್ಕೆ ಬ್ಯಾಲೆ ಬೆರೆಸಿ ಕುಣಿದ ಮೊದಲಿಗರಲ್ಲಿ ಅವರೊಬ್ಬರು. ನಾನು ಚಿಕ್ಕವನಿದ್ದಾಗ ಒಮ್ಮೆ ಭದ್ರಾವತಿಯ ಕಾರ್ಖಾನೆ ಕಾಲೊನಿಗೆ ಬಂದು ಕುಣಿದಿದ್ದರು.

ನನಗೆ ನೆನಪಿರುವುದು ಇಷ್ಟು. ಕಾಲಿಗೆ ಗೆಜ್ಜೆ, ಹಿಂದೆ ಪಿಯಾನೊ. ಮಂಡಿ ಬಾಗಿಸಿ ಅರಮಂಡಿಯಲ್ಲಿದ್ದವರು ಮೆಲ್ಲನೆ ಮೇಲೆದ್ದು ಒಂದೇ ಕಾಲಿನ ತುದಿಬೆರಳ ಮೇಲೆ ನಿಂತರು. ಆಗಲೇ ಮಧ್ಯಾಹ್ನದ ಪಾಳಿಯ ಸೈರನ್ ಕೂಗಿತು. ಪಾಳಿಯವರೆಲ್ಲ ಎದ್ದರು, ಅಪ್ಪನೂ ಎದ್ದ. ಆಮೇಲೆ, ಎಂದೂ ಪಾಳಿ ತಪ್ಪಿಸದ ಅಪ್ಪ ಮತ್ತೆ ಕೂತ. ನಾನು ಅವನ ಭುಜಕ್ಕೆ ಒರಗಿದೆ. ಅವನ ಬಗ್ಗೆ ನನ್ನಲ್ಲಿ ಉಳಿದಿರುವ ಮೆದುವಾದ ನೆನಪು ಅದೊಂದೇ.

ಇದನ್ನು ಹೇಳಿದಾಗ ಅಕ್ಕ ಫೋನಿನಲ್ಲಿ ನಕ್ಕಿದ್ದಳು. “ಅಪ್ಪ ಶಿಫ್ಟ್ ಬಿಟ್ಟು ಡ್ಯಾನ್ಸ್ ನೋಡಿದ್ನಾ? ಯಾವ್ದೋ ಸಿನಿಮಾ ಕಲಸ್ಕೊಂಡಿದೀಯ, ಮಾರಾಯ.” ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಅವಳನ್ನು ಅಲ್ಲಗಳೆಯಲು ನನ್ನಲ್ಲಿ ಏನೂ ಇರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು, ಸುಡುಬಿಸಿಲಲ್ಲಿ ಆಟೊ ಹಿಡಿದು ನ್ಯೂಟೌನಿಗೆ ಹೋದೆ. ಅಲ್ಲಿ ನಮ್ಮ ಹಳೆಯ ಪಕ್ಕದ ಮನೆಯ ಸೆಲ್ವಿಯಕ್ಕ ಇದ್ದಾರೆ. ಅಂದು ಇಂದುಮತಿಗೆ ಗೆಜ್ಜೆ ಕಟ್ಟಿದ್ದವರು, ಆಮೇಲೆ ಅವರಲ್ಲೇ ನೃತ್ಯ ಕಲಿತವರು. ಈಗ ಎಪ್ಪತ್ತು ದಾಟಿದೆ. ಆ ದಿನದ ಬಗ್ಗೆ ಕೇಳಿದೆ.

“ಎಲ್ರೂ ದಡಾರಂತ ಎದ್ರು. ಹೊರಗಿಂದ ಬಂದ ಇಂದುಮತಿಯವ್ರಿಗೆ ನಮ್ ಸೈರನ್ ಏನ್ ಗೊತ್ತು? ತಮಗೆ ಮರ್ಯಾದೆ ಕೊಡೋಕೆ ಎದ್ರು ಅಂದ್ಕೊಂಡ್ರು ಪಾಪ! ಕುಣಿಯೋದು ನಿಲ್ಸಿ, ನೆಲ ಮುಟ್ಟಿ ನಮಸ್ಕಾರ ಮಾಡಿದ್ರು. ಅಷ್ಟಾದ್ಮೇಲೆ ಎದ್ದು ಹೋಗೋಕೆ ಯಾರಿಗೆ ಮನಸ್ಸು ಬರತ್ತೆ? ಕೂತ್ಕೊಂಡ್ರು.”

“ಎಲ್ರೂನಾ? ಅಪ್ಪ?”

“ನಾನು ಸ್ಟೇಜ್ ಪಕ್ಕ ನಿಂತಿದ್ದೆ, ಲೈಟು ಕಣ್ಣಿಗೇ ಹೊಡೀತಿತ್ತು. ಒಂದು ಮುಖಾನೂ ಕಾಣ್ಲಿಲ್ಲ. ಸುಳ್ಳು ಹೇಳ್ಲಾ?”

“ಬೇಡ” ಎಂದೆ. ಹೇಳಲಿ ಎಂಬ ಆಸೆಯಿತ್ತು.

ಅವರು ಎದ್ದರು. ಬಾಗಿಲ ಚೌಕಟ್ಟು ಹಿಡಿದು ಅರಮಂಡಿಗೆ ಇಳಿದರು. ಮೊಣಕಾಲು ಲಟಕ್ಕೆಂದಿತು. ಅಲ್ಲಿಂದ ನಡುಗುತ್ತ ಮೇಲೇರಿ ಒಂದು ಕಾಲಿನ ತುದಿಬೆರಳ ಮೇಲೆ ನಿಂತರು. ನನಗೇ ಅರಿವಿಲ್ಲದೆ ನಾನು ಎದ್ದು ನಿಂತಿದ್ದೆ.

“ಏನಪ್ಪ, ಶಿಫ್ಟಿಗೆ ಹೊರಟ್ಯಾ?”

ಕೂತೆ. ಹಿಡಿಯಬೇಕೆಂದಿದ್ದ ಬಸ್ಸು ಹೋಯಿತು.

ಸಂಜೆ ಬಸ್ ಊರು ದಾಟುವಾಗ ಅಕ್ಕನ ಫೋನ್ ಬಂತು. “ಸಿಕ್ತಾ ಸಾಕ್ಷಿ?”

“ಇಲ್ಲ” ಎಂದೆ.

ಕಾಲೊನಿಯ ಮರಗಳು ಮರೆಯಾಗುವವರೆಗೆ ತಿರುಗಿ ನೋಡಿದೆ. ಪಕ್ಕದ ಸೀಟು ಖಾಲಿಯಿತ್ತು. ಶಿವಮೊಗ್ಗದವರೆಗೂ ಅತ್ತಲೇ ಒರಗಿ ಕೂತಿದ್ದೆ.